ಬಲ ಬಾಗಿಲಿನ ಕಿಟಕಿ

ಸ್ಕ್ರೂ ಸಡಿಲಾಯಿತು. ಸಂಗಪ್ಪನವರು ಅದನ್ನು ಕರವಸ್ತ್ರದ ಮೇಲಿಟ್ಟು ಮುಂದಿನ ಸ್ಕ್ರೂವಿಗೆ ಕೈಹಾಕಿದರು.

“ಪೊಲೀಸ್ ಮಾಲು ಐತ್ರೀ ಅದು,” ಎಂದ ಹವಾಲ್ದಾರ. “ಒಂದು ಕಮ್ಮಿ ಆದ್ರ ನನ್ನ ಪಟ್ಟಾ ಕಳಚ್ತಾರ.”

“ನೀನಾ ಎಣಿಸಿಕೋ. ನಾ ಎಣಿಸಿದ್ರ ನಿನಗ ನಂಬಿಕಿ ಬರೂದಿಲ್ಲ.”

“ನಂಬಿಕಿ ಐತಿ. ಸಾಹೇಬ್ರಿಗೆ ಇಲ್ಲ.”

ದಹಿಸರಿನ ಪೊಲೀಸ್ ಅಂಗಳದಲ್ಲಿ ಬೂದು ಬಣ್ಣದ ಆ ಮೋರಿಸ್ ಕಾರು ಬಿಸಿಲಿಗೆ ಕಾಯುತ್ತ ನಿಂತಿತ್ತು. ಭಾನುವಾರ ಸಂಜೆ ಬ್ರೆಡ್ಡು ಮಾರುವ ದೂಜನನ್ನು ಸೈಕಲ್ಲಿನ ಸಮೇತ ಕೆಡವಿ ಕೊಂದದ್ದು ಇದೇ ಕಾರು. ಓಡಿಸಿದವನೆಂದು ಬೈಕುಲ್ಲಾದ ಮೆಕ್ಯಾನಿಕ್ ಯಾಕೂಬ ಲಾಕಪ್ಪಿನಲ್ಲಿದ್ದ. ಮರುದಿನ ಅವನನ್ನು ಕೋರ್ಟಿನ ಮುಂದೆ ನಿಲ್ಲಿಸುವವರಿದ್ದರು.

ಸಂಗಪ್ಪನವರು ಪೊಲೀಸರಲ್ಲ. ಫೋರ್ಟಿನ ವಿಮಾ ಕಚೇರಿಯೊಂದರಲ್ಲಿ ಒಡೆದ ಮೋಟಾರುಗಳನ್ನು ಪರೀಕ್ಷಿಸುತ್ತ ಕೂದಲು ನರೆಸಿಕೊಂಡು ನಿವೃತ್ತರಾದವರು. ಯಾಕೂಬನ ತಾಯಿ ತಾಜಬಿ ಅವರ ಹೊಸ್ತಿಲಲ್ಲಿ ಕುಳಿತು, “ನನ್ನ ಮಗನ್ನ ತಂದುಕೊಡು ಅಣ್ಣಾ” ಎಂದಿದ್ದಳು. ಅಷ್ಟನ್ನು ಬಿಟ್ಟು ಬೇರೇನನ್ನೂ ಅವಳು ಕೇಳಿರಲಿಲ್ಲ.

ಪ್ರಶ್ನೆ ಚಿಕ್ಕದು. ಭಾನುವಾರ ಕಾರು ಎಲ್ಲಿತ್ತು?

ಒಡೆಯ ಕೇಶವಮೂರ್ತಿ ಹೇಳುವಂತೆ ಅದು ಶನಿವಾರದಿಂದ ಸೋಮವಾರದವರೆಗೆ ಬೈಕುಲ್ಲಾದ ಗ್ಯಾರೇಜಿನಲ್ಲಿತ್ತು. ಗ್ಯಾರೇಜಿನ ಮಕ್ತುಮಸಾಬ ಹೇಳುವಂತೆ ಅದು ಬಂದದ್ದೇ ಸೋಮವಾರ ಬೆಳಿಗ್ಗೆ. ಆ ಗ್ಯಾರೇಜಿನಲ್ಲಿ ಚೀಟಿ ಬರೆದುಕೊಡುವ ಪದ್ಧತಿಯಿಲ್ಲ. ಕೆಲಸವೆಲ್ಲ ಬಾಯಿ ಮಾತಿನ ಮೇಲೆ ನಡೆಯುತ್ತದೆ. ಫೋರ್ಟಿನ ಸಾಲಿಸಿಟರರ ಕಚೇರಿಯ ಮ್ಯಾನೇಜರ್ ಕೇಶವಮೂರ್ತಿ ಒಂದು ಕಡೆ, ಆರೋಪಿಯ ತಂದೆ ಮಕ್ತುಮಸಾಬ ಇನ್ನೊಂದು ಕಡೆ. ತಕ್ಕಡಿ ಎತ್ತ ಬಾಗಿತೆಂದು ಹೇಳಬೇಕಾಗಿಲ್ಲ.

ಯಾಕೂಬನೋ, ಭಾನುವಾರ ಎಲ್ಲಿದ್ದೆ ಎಂದು ಕೇಳಿದರೆ ಗೋಡೆ ನೋಡುತ್ತಾನೆ.

ಸಂಗಪ್ಪನವರು ಎದ್ದು ನಿಂತು ಚಾಲಕನ ಕಡೆಯ, ಅಂದರೆ ಬಲ ಬಾಗಿಲಿನ ಕಿಟಕಿಯನ್ನು ಮತ್ತೊಮ್ಮೆ ನೋಡಿದರು. ಉಳಿದ ಕಿಟಕಿಗಳಲ್ಲಿ ಗಾಜು. ಇದರಲ್ಲಿ ಮಾತ್ರ ಗಾಜಿನ ಬದಲು ಅಕ್ರಿಲಿಕ್ ಶೀಟು. ಅದರ ಮೂಲಕ ಅಂಗಳದ ದೀಪದ ಕಂಬವನ್ನು ನೋಡುತ್ತ ತಲೆಯನ್ನು ನಿಧಾನವಾಗಿ ಆಡಿಸಿದರು. ಕಂಬ ಎಲ್ಲಿಯೂ ಬಳುಕಲಿಲ್ಲ. ಅಗ್ಗದ ಶೀಟಾಗಿದ್ದರೆ ಕಂಬ ಹಾವಿನಂತೆ ಹರಿಯುತ್ತಿತ್ತು. ಅಂಚುಗಳನ್ನು ಉಗುರಿಗೆ ತಾಕದಂತೆ ಅರದಿಂದ ತೀಡಿದ್ದರು. ಬಿಸಿಲಿಗೆ ಶೀಟು ಹಿಗ್ಗಿದರೆ ಹಿಡಿಯಲೆಂದು ಕಿಟಕಿ ಏರಿಳಿಯುವ ಎರಡೂ ಬದಿಯ ಉಣ್ಣೆಪಟ್ಟಿ, ಬನಾತಿನಲ್ಲಿ ಕೂದಲೆಳೆಯಷ್ಟು ಎಡೆ ಬಿಟ್ಟಿದ್ದರು. ಮಗನನ್ನು ಹಿಡಿದುಕೊಂಡು ಹೋಗುವ ಮೊದಲು ತಂದೆ ಮಾಡಿದ ಕೊನೆಯ ಕೆಲಸ ಅದು. ಅದರಲ್ಲಿ ತಪ್ಪು ಹುಡುಕಿ ಸಂಗಪ್ಪನವರು ಸೋತರು.

“ಏನ್ರೀ ಇದು? ನನ್ನ ಗಾಡೀನ ಕೋಳಿ ಪುಕ್ಕ ಕಿತ್ತ ಹಾಗೆ ಕೀಳ್ತಿದೀರಲ್ಲ!”

ಕೇಶವಮೂರ್ತಿ ಬಂದಿದ್ದರು. ಟೆರಿಲಿನ್ ಷರಟು, ಬಗಲಲ್ಲಿ ಚರ್ಮದ ಚೀಲ. ಕಾರನ್ನು ಬಿಡಿಸಿಕೊಳ್ಳಲು ಅವರು ದಿನವೂ ಬರುತ್ತಾರೆಂದು ಹವಾಲ್ದಾರ ಹೇಳಿದ್ದ.

“ಸಾಹೇಬ್ರ ಪರವಾನಗಿ ಐತ್ರೀ,” ಎಂದರು ಸಂಗಪ್ಪ. “ಇದಕ್ಕ ಗಾಜು ಯಾಕ ಹಾಕಿಸ್ಲಿಲ್ಲ?”

“ಸಿಕ್ಕರೆ ತಾನೇ ಹಾಕ್ಸೋದು? ವಿಲಾಯತಿ ಗಾಡಿ. ಆ ಗಾಜು ಬರೋದು ನಿಂತು ಎಷ್ಟೋ ಕಾಲ ಆಯ್ತು. ಬೇರೆ ಗಾಡಿ ಗಾಜು ತಂದು ಕತ್ತರಿಸೋಣ ಅಂದ್ರೆ ಗರಗಸ ತಾಕಿದ ಕೂಡಲೇ ಅಷ್ಟೂ ಪುಡಿ ಆಗುತ್ತಂತೆ. ಪ್ಲಾಸ್ಟಿಕ್ ಹಾಕ್ತೀನಿ ಅಂತ ಆ ಸಾಬಿಯೇ ಹೇಳಿದ.”

“ಗಾಜು ಒಡದದ್ದು ಹ್ಯಾಂಗ?”

“ಕ್ರಿಕೆಟ್ ಚೆಂಡು. ನಮ್ಮ ಬಿಲ್ಡಿಂಗ್ ಹುಡುಗರು. ಶುಕ್ರವಾರ ಒಡೀತು, ಶನಿವಾರ ಗಾಡಿ ಬೈಕುಲ್ಲಾದಲ್ಲಿ ಬಿಟ್ಟೆ, ಸೋಮವಾರ ಸಂಜೆ ತಂದೆ. ನಡುವೆ ಆ ಪುಂಡ ನನ್ನ ಗಾಡೀಲಿ ಸವಾರಿ ಹೊರಟು ಒಬ್ಬನ್ನ ಕೊಂದ. ಇದನ್ನ ಇನ್ನೂ ಎಷ್ಟು ಸಲ ಹೇಳ್ಬೇಕು ಸ್ವಾಮಿ?”

“ಒಮ್ಮೆ ಖರೇ ಹೇಳಿದ್ರ ಸಾಕು.”

ಹವಾಲ್ದಾರ ಕೆಮ್ಮಿದ. ಕೇಶವಮೂರ್ತಿಯವರ ಕುತ್ತಿಗೆ ಕೆಂಪಾಯಿತು.

“ನೀವು ಯಾರ ಕಡೆಯವರು ಅಂತ ನಂಗೆ ಗೊತ್ತು. ಒಂದೇ ಊರಿನ ಕಡೆಯವರು, ಒಂದೇ ಭಾಷೆ. ಅದಕ್ಕೇ ಸತ್ತವನ ಕಡೆ ನೋಡೋರು ಯಾರೂ ಇಲ್ಲ.”

ಸಂಗಪ್ಪನವರು ಕೊನೆಯ ಸ್ಕ್ರೂ ತೆಗೆದು ಬಾಗಿಲಿನ ಒಳಹಲಗೆಯನ್ನು ಕಳಚಿದರು.

ಬಾಗಿಲಿನ ಹೊಟ್ಟೆಯೊಳಗೆ ಟಾರ್ಚು ಹಾಯಿಸಿದರು. ಕಾರಿನ ಕಿಟಕಿ ಒಡೆದರೆ ಗಾಜು ಕಾಳುಕಾಳಾಗಿ ಉದುರಿ, ಅದರಲ್ಲಿ ಒಂದಷ್ಟು ಬಾಗಿಲಿನ ತಳಕ್ಕೆ ಬೀಳುತ್ತದೆ. ಯಾವ ಕಾರಿನ ಬಾಗಿಲು ಬಿಚ್ಚಿದರೂ ಕಾಣುವ ಸಂಗತಿ ಅದು. ಇಲ್ಲಿ ತಳ ತೊಳೆದ ಪಾತ್ರೆಯಂತಿತ್ತು. ಮಕ್ತುಮಸಾಬ ಒಂದು ಕಾಳನ್ನೂ ಬಿಡದೆ ಗುಡಿಸಿದ್ದ.

ಸಂಗಪ್ಪನವರು ಅಲ್ಲಿಯೇ ಕುಳಿತರು. ಮೊಣಕಾಲು ನೋಯುತ್ತಿತ್ತು. ಗಾಜು ಒಡೆದದ್ದು ಶುಕ್ರವಾರವಲ್ಲ, ಭಾನುವಾರ, ದೂಜನ ಸೈಕಲ್ಲಿಗೆ ಬಡಿದೇ ಎಂದು ತೋರಿಸಿದರೆ ಕೇಶವಮೂರ್ತಿಯ ಶನಿವಾರವೇ ಸುಳ್ಳಾಗುತ್ತಿತ್ತು. ಕಿಟಕಿ ಒಡೆಯದ ಕಾರನ್ನು ಕಿಟಕಿ ಹಾಕಿಸಲು ಯಾರೂ ಗ್ಯಾರೇಜಿನಲ್ಲಿ ಬಿಡುವುದಿಲ್ಲ. ರಸ್ತೆಯ ಮೇಲೆ ಬಿದ್ದ ಗಾಜನ್ನು ಮರುದಿನ ಮುನಿಸಿಪಾಲಿಟಿಯ ಪೊರಕೆ ಒಯ್ದಿತ್ತು. ಉಳಿದ ಸಾಕ್ಷಿ ಈ ಬಾಗಿಲಿನೊಳಗೆ ಇರಬೇಕಿತ್ತು. ಅದನ್ನು ಒಯ್ದದ್ದು ತಂದೆಯ ಪೊರಕೆ.

ಆಗ ಟಾರ್ಚಿನ ಬೆಳಕು, ನೀರು ಬಸಿದು ಹೋಗಲೆಂದು ತಳದಲ್ಲಿ ಬಿಟ್ಟಿದ್ದ ತೂತಿನ ಬಾಯಿಗೆ ಬಿತ್ತು. ತುಕ್ಕು ಹಿಡಿಯದಂತೆ ಹಚ್ಚಿದ್ದ ಟಾರು ಅಲ್ಲಿ ಮುದ್ದೆಗಟ್ಟಿ ಬಿಸಿಲಿಗೆ ಮೆತ್ತಗಾಗಿತ್ತು. ಅದರಲ್ಲಿ ಗಾಜಿನ ಒಂದು ಕಾಳು ಕಚ್ಚಿಕೊಂಡಿತ್ತು. ಕಾಳಿನ ಅಡಿಯಲ್ಲಿ, ಅದರ ಭಾರಕ್ಕೆ ಒತ್ತಿಕೊಂಡು, ಇನ್ನೊಂದು ಚೂರು.

ಅದು ಹಸಿರಾಗಿತ್ತು. ಕಿಟಕಿಯ ಗಾಜು ಚಪ್ಪಟೆ, ಇದು ಬಾಗಿತ್ತು. ಬಾಗಿದ ಬೆನ್ನಿನ ಮೇಲೆ ಚಿನ್ನದ ಬಣ್ಣದ ಚುಕ್ಕೆ.

“ಇಲ್ಲಿ ಬಾ,” ಎಂದು ಹವಾಲ್ದಾರನನ್ನು ಕರೆದರು. “ಏನಿದು?”

ಹವಾಲ್ದಾರ ಬಗ್ಗಿ ನೋಡಿದ. “ಬಳಿ ಚೂರು. ನಮ್ಮಾಕಿ ದಿನಾ ಪಾತ್ರಿ ತಿಕ್ಕೂವಾಗ ಒಂದು ಒಡೀತಾಳ.”

“ಯಾವುದರ ಅಡಿಯಾಗ ಐತಿ?”

“ಕಿಟಕಿ ಗಾಜಿನ ಅಡಿಯಾಗ.”

“ನೆನಪಿಟ್ಕೋ. ಮುಟ್ಟಬ್ಯಾಡ, ಅಲ್ಲೇ ಇರ್ಲಿ.”

ಸಂಗಪ್ಪನವರು ಎದ್ದು ಕೇಶವಮೂರ್ತಿಯ ಕಡೆ ತಿರುಗಿದರು. “ನಿಮ್ಮ ಮನಿಯವರು ಹಸಿರು ಬಳಿ ಇಡ್ತಾರೇನ್ರಿ?”

“ವಿಮಲಾನಾ? ಅವಳು ತೌರಿಗೆ ಹೋಗಿದಾಳೆ, ಬೆಂಗಳೂರಲ್ಲಿ. ಗಾಜಿನ ಬಳೆ ಅವಳಿಗೆ ಆಗೋದೂ ಇಲ್ಲ. ಯಾಕೆ?”

“ಗಾಡಿಯಾಗ ಬ್ಯಾರೆ ಯಾರಾದ್ರೂ ಹೆಣ್ಣುಮಕ್ಕಳು?”

“ಛೀ! ಏನು ಮಾತಾಡ್ತಾ ಇದೀರಿ?”

ಅವರು ಸಿಟ್ಟಾದದ್ದು ನಿಜ. ಆದರೆ ಅವರ ಮುಖದಲ್ಲಿ ಸಂಗಪ್ಪನವರು ಕಾದಿದ್ದ ಭಯವಿರಲಿಲ್ಲ. ಏನೂ ತಿಳಿಯದವನ ಗೊಂದಲವಿತ್ತು. ಹಾಗಾದರೆ ಈ ಬಳೆ ಅವರ ಲೆಕ್ಕದಲ್ಲೂ ಇರಲಿಲ್ಲ.

*

ದಾದರಿನಲ್ಲಿ ರೈಲು ಬದಲಿಸಿ ಬೈಕುಲ್ಲಾದಲ್ಲಿ ಇಳಿಯುವ ಹೊತ್ತಿಗೆ ಮಧ್ಯಾಹ್ನದ ಬಿಸಿಲು ಬೀದಿಯ ಒಂದು ಮಗ್ಗುಲಿಗೆ ಸರಿದಿತ್ತು. ಮಕ್ತುಮಸಾಬನ ಗ್ಯಾರೇಜು ಎಂದರೆ ಎರಡು ಗೋಡೆ, ಒಂದು ತಗಡು. ಮೇಲೆ ಮರದ ಅಟ್ಟ, ಸಂಸಾರ ಅಲ್ಲಿಯೇ. ಅಟ್ಟದಿಂದ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು. ಯಾಕೂಬನ ತಂಗಿ ಹಸೀನಾ ಕಾರುಗಳ ಸೀಟಿಗೆ ಕವರು ಹೊಲಿಯುತ್ತಿದ್ದಳು.

ಕೆಳಗೆ ಮಕ್ತುಮಸಾಬ ಟ್ಯಾಕ್ಸಿಯೊಂದರ ಹಿಂಗಿಟಕಿಗೆ ಶೀಟು ಕೊಯ್ಯುತ್ತಿದ್ದ. ಎರಡೂ ಮುಖಕ್ಕೆ ಕಂದು ಕಾಗದ ಅಂಟಿಕೊಂಡೇ ಇತ್ತು. ಕಿಟಕಿಯ ಆಕಾರವನ್ನು ಕಾಗದದ ಮೇಲೆ ಪೆನ್ಸಿಲಿನಿಂದ ಬರೆದಿದ್ದ. ಕೂರಿಸಿ ಮುಗಿಯುವತನಕ ಆ ಕಾಗದವನ್ನು ಸುಲಿಯುವಂತಿಲ್ಲ. ಸುಲಿದರೆ ಅಂಗಿಯ ಗುಂಡಿ ತಾಕಿದರೂ ಗೀರು ಬೀಳುತ್ತದೆ.

“ಬರ್ರಿ ಸಂಗಪ್ಪಣ್ಣಾ, ಕೂಡ್ರಿ. ನಡುವ ಗರಗಸ ನಿಂದ್ರಿಸಿದ್ರ ಶೀಟು ಸೀಳತೈತಿ. ಇದೊಂದು ಮುಗಸ್ತೀನಿ.”

“ಮಗ ಒಳಗ ಕುಂತಾನ. ಅಪ್ಪನ ಗರಗಸ ನಿಂತಿಲ್ಲ.”

“ನಿಂತ್ರ ಅವ ಹೊರಗ ಬರ್ತಾನೇನು?”

“ತಾಜಬಿ ಎಲ್ಲಿ?”

“ಲಾಕಪ್ಪಿಗೆ ಹೋಗ್ಯಾಳ, ರೊಟ್ಟಿ ಕಟ್ಟಿಕೊಂಡು. ದಿನಾ ಒಯ್ತಾಳ. ದಿನಾ ಹವಾಲ್ದಾರ ತಿಂತಾನ.”

ಸಂಗಪ್ಪನವರು ಹಳೆಯ ಟೈರಿನ ಮೇಲೆ ಕುಳಿತರು. ಈ ಇಬ್ಬರದು ಹಳೆಯ ಪರಿಚಯ. ವಿಮೆಯ ಸರ್ವೆಯ ದಿನಗಳಲ್ಲಿ ಇವರು ಆ ಗ್ಯಾರೇಜಿನಲ್ಲಿ ಚಹಾ ಕುಡಿದಿದ್ದರು, ಜಗಳವಾಡಿದ್ದರು. ಮಕ್ತುಮಸಾಬ ಒಮ್ಮೆಯೂ ಹಳೆಯ ಸಾಮಾನನ್ನು ಹೊಸದೆಂದು ತೋರಿಸಿರಲಿಲ್ಲ.

“ಮೋರಿಸ್ ಬಾಗಿಲಾ ಬಿಚ್ಚಿ ನೋಡಿದೆ,” ಎಂದರು.

ಗರಗಸದ ಎಳೆತ ತಪ್ಪಿತು. ಮತ್ತೆ ಸಾಲಿಗೆ ಬಂತು.

“ಒಳಗ ಏನಿತ್ತು?”

“ಏನೂ ಇರಲಿಲ್ಲ. ಅದಕ್ಕ ಬಂದೆ.”

“ಇರಬಾರ್ದು. ಒಂದು ಕಾಳು ಗಾಜು ಬನಾತಿನಾಗ ಸಿಕ್ತಂದ್ರ, ಏರಿಸಿದಾಗೊಂದು ಗೆರಿ, ಇಳಿಸಿದಾಗೊಂದು ಗೆರಿ. ಗಾಜಿಗಾದ್ರ ತಡೀತೈತಿ. ಪ್ಲಾಸ್ಟಿಕಿಗೆ ತಡ್ಯೂದಿಲ್ಲ. ಅದಕ್ಕ ಕುಂಚಾ ಹಾಕಿ ಗುಡಿಸ್ತೀನಿ.”

“ಗುಡಿಸಿದ ಗಾಜು?”

ಮಕ್ತುಮಸಾಬ ಗದ್ದದಿಂದಲೇ ಮೂಲೆಯ ಡಾಲ್ಡಾ ಡಬ್ಬಿಯನ್ನು ತೋರಿಸಿದ. ಒಡೆದ ಗಾಜೆಲ್ಲ ಅದಕ್ಕೆ ಬೀಳುತ್ತಿತ್ತು. ತುಂಬಿದ ಮೇಲೆ ಗುಜರಿ ಕೊಳ್ಳುವ ಭಂಗಾರದವನು ಒಯ್ಯುತ್ತಿದ್ದ.

ಸಂಗಪ್ಪನವರು ನೆಲದ ಮೇಲೆ ಕಂದು ಕಾಗದ ಹಾಸಿ ಡಬ್ಬಿಯನ್ನು ಬೋರಲು ಹಾಕಿದರು. ಮೇಲಿನ ಗಾಜೆಲ್ಲ ಮೋರಿಸಿನದು; ಅದರ ನಂತರ ಬೇರೆ ಕಾರಿನ ಗಾಜು ಡಬ್ಬಿಗೆ ಬಿದ್ದಿರಲಿಲ್ಲ. ಬೆರಳ ತುದಿಯಿಂದ ಕಾಳುಗಳನ್ನು ಅಕ್ಕಿ ಆರಿಸುವಂತೆ ಸರಿಸುತ್ತ ಹೋದರು. ಎಲ್ಲವೂ ಬಿಳಿ. ಹಸಿರಿನ ಒಂದು ಚೂರೂ ಇರಲಿಲ್ಲ.

ಒಂದು ಬಳೆ ಒಡೆದರೆ ಒಂದೇ ಚೂರಾಗುವುದಿಲ್ಲ. ಒಂದು ಟಾರಿನಲ್ಲಿ ಸಿಕ್ಕಿದೆ. ಉಳಿದವು ಈ ಕಾಗದದ ಮೇಲೆ ಬೀಳಬೇಕಿತ್ತು. ಬೀಳಲಿಲ್ಲವೆಂದರೆ ತಮಗಿಂತ ಮೊದಲು ಯಾರೋ ಕುಳಿತು ಆರಿಸಿದ್ದಾರೆ.

ಕೊಯ್ದ ಶೀಟನ್ನು ಗೋಡೆಗೆ ಒರಗಿಸಿ ಮಕ್ತುಮಸಾಬ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕುಳಿತ. ಪದ್ಧತಿಯಂತೆ ಎಲೆಯ ಪೊಟ್ಟಣ ಬಿಚ್ಚಿದ. ಎಲೆಯನ್ನು ತೊಡೆಗೆ ಒರಸಿ, ಅಂಗಿಯ ಜೇಬಿನಿಂದ ಹಿತ್ತಾಳೆಯ ಸುಣ್ಣದ ಡಬ್ಬಿ ತೆಗೆಯಲು ಕೈಹಾಕಿದವನು ಹಾಗೆಯೇ ತಡೆದುಕೊಂಡ. ಕೈಯನ್ನು ಬರಿದಾಗಿ ಹೊರಗೆ ತೆಗೆದು, ಕಿಟಕಿಯ ಕಟ್ಟೆಯ ಮೇಲಿದ್ದ ಕಾಗದದ ಚೂರಿನಿಂದ ಸುಣ್ಣ ಬಳಿದುಕೊಂಡ.

“ಜೇಬಿನಾಗಿನ ಡಬ್ಬಿಗೆ ಏನಾತು, ಮಕ್ತುಮಣ್ಣಾ?”

“ಸುಣ್ಣ ಒಣಗೈತಿ.”

“ನೀರು ಹಾಕಿದ್ರ ಆತು. ಕೊಡು, ನಾ ಹಾಕ್ತೀನಿ.”

“ಬ್ಯಾಡ.”

“ಕೊಡು.”

“ಬ್ಯಾಡಂದ್ನಲ್ಲಾ! ಮನಿಗಿ ಬಂದು ಜೇಬು ತಡಕ್ತೀರೇನು? ಪೊಲೀಸರು ಬಂದ್ರೂ ಒಂದ, ನೀವು ಬಂದ್ರೂ ಒಂದ ಆತೇನು?”

ಮೇಲೆ ಹೊಲಿಗೆ ಯಂತ್ರ ನಿಂತಿತು.

ಸಂಗಪ್ಪನವರು ದನಿ ಏರಿಸಲಿಲ್ಲ. “ಟಾರಿನಾಗ ಒಂದು ಚೂರು ಉಳಿದಿತ್ತು. ಹಸಿರು. ಬಂಗಾರದ ಚುಕ್ಕಿ. ಹವಾಲ್ದಾರಗೂ ತೋರ್ಸೀನಿ. ಅದು ಕಿಟಕಿ ಗಾಜಿನ ಅಡಿಯಾಗ ಐತಿ. ಬಳಿ ಮೊದಲ ಬಿತ್ತು, ಮ್ಯಾಲ ಗಾಜು ಬಿತ್ತು. ಅಂದ್ರ ಎರಡೂ ಒಮ್ಮೆಗೇ ಒಡದಾವ. ಚೆಂಡು ಬಡದು ಒಡದ ಕಿಟಕಿಯಾಗ ಬಳಿ ಹ್ಯಾಂಗ ಬಂತು? ಉಳದ ಚೂರು ನೀ ಕೊಟ್ರ ಕೇಶವಮೂರ್ತಿ ಹೇಳಿದ್ದು ಸುಳ್ಳಾಕೈತಿ. ನಿನ್ನ ಮಗ ನಾಳೆ ಮನಿಗಿ ಬರ್ತಾನ. ಅದನ್ನ ಜೇಬಿನಾಗ ಇಟ್ಕೊಂಡು ಗರಗಸಾ ಎಳೀತಿಯಲ್ಲೋ! ನೀ ಎಂಥಾ ಅಪ್ಪ?”

ಮಕ್ತುಮಸಾಬ ಎಲೆಯನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ. ಕೈಯಲ್ಲಿಯೇ ಮುರುಟಿದ.

“ಕೊಡ್ತೀನಿ. ಕೊಟ್ರ ಅವರು ಮೊದಲ ಏನು ಕೇಳ್ತಾರ?”

“ಯಾರ ಬಳಿ ಅಂತ ಕೇಳ್ತಾರ.”

“ಹಾಂ. ಅದನ್ನ ಯಾರು ಹೇಳಬೇಕು?”

ಅವನು ಡಬ್ಬಿ ತೆಗೆದು ನೆಲದ ಮೇಲಿಟ್ಟ. ಮುಚ್ಚಳ ತೆಗೆದ. ತೊಳೆದ ಹಿತ್ತಾಳೆಯಲ್ಲಿ ಹಸಿರು ಚೂರುಗಳು.

“ಈದ್ ಹಬ್ಬಕ್ಕ ಹಸೀನಾಗ ನಾನಾ ತಂದಿದ್ದೆ,” ಎಂದ. “ಭೇಂಡಿ ಬಜಾರದಾಗ ಎಷ್ಟು ಅಂಗಡಿ ತಿರುಗಿದೆ! ಅಕಿಗೆ ಈ ಚುಕ್ಕೀದಾ ಬೇಕಾಗಿತ್ತು. ಭಾನುವಾರ ದಹಿಸರಿಗೆ ಹೋಗಿದ್ಳು, ತಾಜಬಿ ತಂಗಿ ಅಕ್ಬರಬಿ ಖಾಲಾನ ಮನಿಗಿ. ಬರೂವಾಗ ಮಣಿಕಟ್ಟಿಗೆ ಅರಿವಿ ಸುತ್ತಿಕೊಂಡು ಬಂದ್ಳು. ಖಾಲಾನ ಮನ್ಯಾಗ ಲೋಟಾ ಒಡದು ಗಾಜು ತಾಕ್ತು ಅಂದ್ಳು. ಸೋಮವಾರ ಆ ಬಾಗಿಲಾ ಬಿಚ್ಚಿ ಗುಡಿಸ್ತೀನಿ, ಕುಂಚದಾಗ ಇವು.”

“ಅಕಿಗೆ ಕೇಳಿದೀ?”

“ಇಲ್ಲ.”

“ಯಾಕ?”

“ಕೇಳಿದ್ರ ಹೇಳ್ತಾಳಂತ ಹೆದರಿಕಿ.”

ಬೀದಿಯಲ್ಲಿ ಕೈಗಾಡಿಯವನೊಬ್ಬ ಬೈಯುತ್ತ ಹೋದ. 

“ಅಂಥಾ ದೊಡ್ಡ ಮನಷಾನ ಗಾಡಿಯಾಗ ನನ್ನ ಮಗಳ ಬಳಿ,” ಎಂದ ಮಕ್ತುಮಸಾಬ. “ಹ್ಯಾಂಗ ಹೋಗಿ ಕುಂತ್ಳು, ಯಾವಾಗಿಂದ ಕುಂದರ್ತಾಳ, ಅಲ್ಲಾಗೇ ಗೊತ್ತು. ಇದನ್ನ ಕೋರ್ಟಿನಾಗ ನಿಂತು ಹೇಳ್ಲೇನು? ಯಾಕೂಬ ಗಂಡಸು. ಒಳಗ ಹೋದ್ರ ಎಂದಾರ ಹೊರಗ ಬರ್ತಾನ. ಇಕಿ ಮಾತು ಒಮ್ಮೆ ಹೊರಗ ಬಿತ್ತಂದ್ರ ಒಳಗ ತರಾಕ ಆಗೂದಿಲ್ಲ. ನೀವು ಲೆಕ್ಕಾ ಬಲ್ಲವರು. ಹೇಳ್ರಿ, ಯಾರನ್ನ ಕಳೀಲಿ?”

  ಸಂಗಪ್ಪನವರು ತಮಗೆ ಗೊತ್ತಿದ್ದ ಕಡೆಯಿಂದ ಆರಂಭಿಸಿದರು.

“ಯಾವ ಬಾಗಿಲಿಗೆ ಶೀಟು ಕೂಡಿಸಿದಿ?”

“ಬಲಕ್ಕ.”

“ಅಂದ್ರ ಗಾಡಿ ಓಡ್ಸಾವನ ಬಾಗಿಲಾ. ಎಡಕ್ಕ ಕುಂತಾಕಿ ಕೈ ಅಲ್ಲೀತನಾ ಮುಟ್ಟೂದಿಲ್ಲ. ನಡುವ ಸ್ಟೇರಿಂಗ್ ಐತಿ, ಓಡ್ಸಾವ ಅದಾನ.”

“ಹಿಂದ ಕುಂತಿದ್ರ?”

“ಹಿಂದಿನ ಕಿಟಕಿ ಬ್ಯಾರೆ. ಅದು ಒಡದಿಲ್ಲ. ಹಸೀನಾಗ ಗಾಡಿ ಓಡ್ಸಾಕ ಬರ್ತದ?”

“ಅಕಿಗೆ ಗೇರು ಯಾವುದು, ಬ್ರೇಕು ಯಾವುದು ಗೊತ್ತಿಲ್ಲ. ಗ್ಯಾರೇಜಿನ್ಯಾಗ ಹುಟ್ಟಿ ಸೂಜಿ ಬಿಟ್ರ ಬ್ಯಾರೆ ಏನೂ ಹಿಡದಿಲ್ಲ.”

“ಹಂಗಾರ ಅಕಿ ಗಾಡಿ ಓಡಿಸ್ಲಿಲ್ಲ. ಮಗ್ಗಲಿಗೂ ಕುಂತಿರಲಿಲ್ಲ. ಹಿಂದನೂ ಇರಲಿಲ್ಲ.” ಸಂಗಪ್ಪನವರು ಒಂದೊಂದಾಗಿ ಬೆರಳು ಮಡಿಸಿದರು. “ನಿನ್ನ ಮಗಳು ಆ ಗಾಡಿಯಾಗ ಇರಲೇ ಇಲ್ಲ, ಮಕ್ತುಮಣ್ಣಾ.”

ಮಕ್ತುಮಸಾಬನ ಮುಖದ ಮೇಲೆ ಏನೋ ಬೆಳಗಿತು. ದಿನಗಟ್ಟಲೆ ಎದೆಯ ಮೇಲಿದ್ದ ಕಲ್ಲನ್ನು ಯಾರೋ ಎತ್ತಿದಂತೆ ಅವನು ಉಸಿರೆಳೆದ. ಸಂಗಪ್ಪನವರಿಗೆ ಅವನ ಆ ಸಮಾಧಾನವನ್ನು ನೋಡಲಾಗಲಿಲ್ಲ. ಏಕೆಂದರೆ ಲೆಕ್ಕದಲ್ಲಿ ಇನ್ನೂ ಒಂದು ಜಾಗ ಉಳಿದಿತ್ತು.

ಬಳೆ ಕಾರಿನ ಒಳಗಿಂದ ಬಡಿದಿಲ್ಲವೆಂದರೆ ಹೊರಗಿಂದ ಬಡಿದಿದೆ.

ಅಟ್ಟದ ಏಣಿ ಕಿರುಗುಟ್ಟಿತು.

ಹಸೀನಾ ಇಳಿದು ಬಂದಳು. ತುಂಬುತೋಳಿನ ಕುಪ್ಪಸ, ತೋಳಿನ ತುದಿಯನ್ನು ಅಂಗೈವರೆಗೆ ಎಳೆದುಕೊಂಡಿದ್ದಳು. ಕೊನೆಯ ಮೆಟ್ಟಿಲಲ್ಲಿ ನಿಂತು ತಂದೆಯನ್ನು ನೋಡಿದಳು.

“ನೀವು ನನಗ ಕೇಳ್ಲಿಲ್ಲ ಅಬ್ಬಾ. ನಾನು ಮ್ಯಾಲ ಕುಂತು ದಿನಾ ಕಾದೆ, ಇವತ್ತ ಕೇಳ್ತೀರಿ, ಇವತ್ತ ಕೇಳ್ತೀರಿ ಅಂತ.”

“ಮ್ಯಾಲ ಹೋಗು ಬೇಟಿ. ಸಂಗಪ್ಪಣ್ಣ ಹೇಳಿದ್ರಲ್ಲಾ, ನೀ ಗಾಡಿಯಾಗ ಇರಲಿಲ್ಲಂತ. ಮುಗೀತು.”

“ಗಾಡಿಯಾಗ ಇರಲಿಲ್ಲ. ದೂಜನ ಸೈಕಲ್ ಮ್ಯಾಲೆ ಇದ್ದೆ.”

ಅವಳು ಕೊನೆಯ ಮೆಟ್ಟಿಲಿಳಿದು ನೆಲಕ್ಕೆ ಬಂದಳು.

“ಹಿಂದಿನ ಕ್ಯಾರಿಯರ್ ಮ್ಯಾಲೆ. ಖಾಲಾನ ಮನಿ ಸುಳ್ಳಲ್ಲ, ಹೋಗಿದ್ದೆ. ಅಲ್ಲಿಂದ ಸ್ಟೇಷನ್ನಿಗೆ ಬಿಡ್ತೀನಿ ಅಂದ. ಪ್ರತಿ ಸಲಾನೂ ಅವನಾ ಬಿಡ್ತಿದ್ದ.” ಅವಳು ತೋಳನ್ನು ಮೇಲಕ್ಕೆ ಸರಿಸಿದಳು. ಮಣಿಕಟ್ಟಿನ ಸುತ್ತ ಬಟ್ಟೆ ಬಿಗಿದಿತ್ತು. “ಗಾಡಿ ಎದುರಿಂದ ಬಂತು. ನಾವು ನಮ್ಮ ಬದಿಗೇ ಇದ್ವಿ. ಅದು ರಸ್ತಾ ದಾಟಿ ನಮ್ಮ ಮ್ಯಾಲೆ ಬಂತು. ನಾ ಕೈ ಅಡ್ಡ ಹಿಡಿದೆ. ಅಷ್ಟು ದೊಡ್ಡ ಗಾಡಿಗೆ ಕೈ ಅಡ್ಡ.”

ಮಕ್ತುಮಸಾಬ ಎದ್ದ. ಗೋಡೆಗೆ ಒರಗಿಸಿದ್ದ ಹೊಸ ಶೀಟನ್ನು ಎತ್ತಿಕೊಂಡು ಅದರ ಕಂದು ಕಾಗದವನ್ನು ಸುಲಿಯತೊಡಗಿದ. ಅಂಚು ತೀಡಿರಲಿಲ್ಲ, ತೂತು ಕೊರೆದಿರಲಿಲ್ಲ. ಅವನು ಸುಲಿಯುತ್ತಲೇ ಹೋದ. ಕಾಗದ ಪರ್ರೆಂದು ಹರಿಯಿತು. ಗಾಜಿನ ಕಾಳು ಚೆಲ್ಲಿದ ನೆಲದ ಮೇಲೆ ಆ ಬತ್ತಲೆ ಶೀಟನ್ನು ಹಾಗೆಯೇ ಹಾಕಿದ.

“ಆಮ್ಯಾಲ?” ಎಂದರು ಸಂಗಪ್ಪ.

“ಆಮ್ಯಾಲ ದೂಜ ಏಳಲಿಲ್ಲ. ಬ್ರೆಡ್ಡು ಎಲ್ಲಾ ರಸ್ತಾದ ಮ್ಯಾಲೆ. ಮಂದಿ ಓಡಿ ಬರೂದು ಕಾಣಿಸ್ತು. ನಾ...” ಅವಳು ನಿಂತಳು. “ನಾ ಬುರ್ಖಾದಾಗ ಮಾರಿ ಮುಚ್ಚಿಕೊಂಡು ನಡಕೊಂತ ಹೋದೆ, ಕಾಕಾ. ಓಡಲಿಲ್ಲ. ಓಡಿದ್ರ ನೋಡ್ತಾರಂತ ನಡದೆ.”

ಸಂಗಪ್ಪನವರು ಟೈರಿನ ಮೇಲಿಂದ ಎದ್ದು ಅವಳ ಹತ್ತಿರ ಹೋದರು. “ಕಿಟಕಿ ನಿನ್ನ ಮಗ್ಗಲಿಗೇ ಹಾದು ಹೋಗ್ಯದ. ಓಡಿಸ್ತಿದ್ದವನ ಮಾರಿ ಕಾಣಿಸಿರಬೇಕು.”

“ಗಾಜು ಅರ್ಧಾ ಇಳಿದಿತ್ತು. ಮಾರಿ ಪೂರಾ ಕಾಣ್ತು.”

“ಅವ ನಿನ್ನ ನೋಡಿದ್ನೇನು?”

“ಮೊದಲ ನನ್ನ ನೋಡಿದ. ನೋಡಿ, ಆಮ್ಯಾಲ ಸ್ಟೇರಿಂಗ್ ತಿರುಗಿಸಿದ.”

ಸಂಗಪ್ಪನವರು ಈ ಒಂದು ಮಾತಿಗಾಗಿ ದಹಿಸರಿನಿಂದ ಬಂದಿದ್ದರು. ಇನ್ನು ಅವಳು ಕೇಶವಮೂರ್ತಿಯ ಹೆಸರನ್ನು ಹೇಳಿದರೆ ಸಾಕು. ಆದರೆ ಬೆಳಗಿನಿಂದ ನೇರವಾಗಿ ನಡೆದು ಬಂದಿದ್ದ ಅವರ ಲೆಕ್ಕ ಇಲ್ಲಿ ಮುಗ್ಗರಿಸಿತು. ಕೇಶವಮೂರ್ತಿ ಶನಿವಾರದ ಸುಳ್ಳು ಹೇಳಿದ್ದು ನಿಜ. ಆದರೆ ಬೈಕುಲ್ಲಾದ ಹುಡುಗಿಯೊಬ್ಬಳನ್ನು ಬ್ರೆಡ್ಡಿನವನ ಸೈಕಲ್ಲಿನ ಮೇಲೆ ಕಂಡರೆ ಫೋರ್ಟಿನ ಮ್ಯಾನೇಜರನಿಗೆ ರಕ್ತ ಕುದಿಯುವ ಕಾರಣವೇನು? ಅವರಿಗೆ ಅವಳ ಪರಿಚಯವೇ ಇಲ್ಲ.

ಹಾಗಾದರೆ ಅವರ ಸುಳ್ಳು ಯಾವುದನ್ನು ಮುಚ್ಚಲು? ಭಾನುವಾರ ಕಾರಿನ ಕೀಲಿಯನ್ನು ಅವರು ಯಾರ ಕೈಗೆ ಕೊಟ್ಟಿದ್ದರು?

ಹಿಂದಿನಿಂದ ಮಕ್ತುಮಸಾಬನ ದನಿ ಬಂತು. ಅದು ಬೇಡುವವನ ದನಿಯಾಗಿತ್ತು. ಮಗಳ ಹೆಸರನ್ನು ಸುಣ್ಣದ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದ ಮನುಷ್ಯ ಈಗ ಅದನ್ನು ತನ್ನ ಕೈಯಾರೆ ಬೀದಿಗೆ ಎಸೆದ.

“ಹೇಳು ಬೇಟಿ. ಹೋದ ಮಾನ ಹೋಗ್ಲಿ. ದೂಜನ ಸೈಕಲ್ ಮ್ಯಾಲಿದ್ದೆ ಅಂತ ಕೋರ್ಟಿನಾಗ ಹೇಳು, ನಾ ನಿನ್ನ ಮಗ್ಗಲಿಗೆ ನಿಂದರ್ತೀನಿ. ನಿನಗೊಂದು ಮಾತು ಅನ್ನೂದಿಲ್ಲ. ಆ ಹರಾಮಿ ಹೆಸರು ಹೇಳು, ಯಾಕೂಬ ಮನಿಗಿ ಬರ್ಲಿ.”

ಹಸೀನಾ ತಂದೆಯ ಕಡೆ ನೋಡಲಿಲ್ಲ. ಅವಳ ಕಣ್ಣು ಒಣಗಿತ್ತು.

“ಕಾಕಾ,” ಎಂದಳು, “ಅಮ್ಮೀ ನಿಮ್ಮನ್ನ ಕರದದ್ದು ಯಾಕೂಬ ಭಾಯೀನ್ನ ಬಿಡಿಸಾಕ. ದೂಜನ್ನ ಕೊಂದಾವ ಯಾರಂತ ಹುಡುಕಾಕ ಅಲ್ಲ. ಎರಡರಾಗ ನಿಮಗ ಯಾವುದು ಬೇಕು, ಒಂದು ಹೇಳ್ರಿ. ಆಮ್ಯಾಲ ನಾ ಹೆಸರು ಹೇಳ್ತೀನಿ.”